ಹಾಟ್ ರಾಡ್‌ಗೆ ಮನೆಯಲ್ಲೇ ಪೇಂಟ್: ಬಣ್ಣ ಯಾವುದಾದರೂ ಇರಲಿ, ಡಬ್ಬಿಯ ಮೇಲಿನ ಆ ಒಂದು ಪದ ಓದಿ

ಒಂದೇ ನೋಟದಲ್ಲಿ

• ಹಳೆಯ ಕಾರಿನ ಪೇಂಟ್ ಕೆಲಸದಲ್ಲಿ ಹೆಚ್ಚಿನ ಪಾಲು ಉಜ್ಜುವುದು, ಪುಟ್ಟಿ ತುಂಬುವುದು, ಮತ್ತೆ ಉಜ್ಜುವುದು. ಎಚ್ಚರಿಕೆ ವಹಿಸಿದರೆ ಇದನ್ನು ಮನೆಯಲ್ಲಿ ಮಾಡಬಹುದು.
• ಹಾರ್ಡ್ನರ್ ಬೆರೆಸಿ ಹೊಡೆಯುವ ಪೇಂಟ್ ಮತ್ತು ಕ್ಲಿಯರ್ ಕೋಟ್‌ಗಳಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಅದರ ತುಂತುರು ಉಸಿರಿನೊಳಗೆ ಹೋದರೆ ಬದುಕಿಡೀ ಕಾಡುವ ಅಸ್ತಮಾ ಬರಬಹುದು.
• ಬಟ್ಟೆಯ ಮಾಸ್ಕ್, ಎನ್95, ಹಾಲು, ಬೆಲ್ಲ, ಇವು ಯಾವುವೂ ಇದಕ್ಕೆ ರಕ್ಷಣೆಯಲ್ಲ.
• ತಿಳಿ ಬಣ್ಣದ ಕಾರು ಬಿಸಿಲಿನಲ್ಲಿ ಕಡಿಮೆ ಕಾಯುತ್ತದೆ ಎನ್ನುವುದು ನಿಜ. ಕೆಂಪು ಕಾರಿಗೆ ವಿಮೆ ದುಬಾರಿ ಎನ್ನುವುದು ನಿಜವಲ್ಲ.
• ಭಾರತದಲ್ಲಿ ವಾಹನದ ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿಯೂ ಬದಲಾಗಬೇಕು. ಸೇನೆಯ ಆಲಿವ್ ಹಸಿರು ಬಣ್ಣವನ್ನು ಬೇರೆಯವರು ಬಳಸುವಂತಿಲ್ಲ.

ನಮಗೆ ಬಂದ ಪ್ರಶ್ನೆ

ಕಾರು ಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ಆಗಾಗ ಓಡಾಡುತ್ತಿರುತ್ತದೆ. ಅಮೆರಿಕದ ಯಾವುದೋ ಮನೆಯ ಗ್ಯಾರೇಜು, ತುಕ್ಕು ಹಿಡಿದ 1930ರ ದಶಕದ ಫೋರ್ಡ್ ಕಾರು. ಟೀ ಶರ್ಟ್ ತೊಟ್ಟ ಒಬ್ಬಾತ ಸ್ಪ್ರೇ ಗನ್ ಹಿಡಿದು ಅತ್ತಿಂದಿತ್ತ ನಾಲ್ಕು ಸಲ ಕೈಯಾಡಿಸುತ್ತಾನೆ. ನೋಡನೋಡುತ್ತಿದ್ದಂತೆ ಕಾರು ಕನ್ನಡಿಯ ಹಾಗೆ ಹೊಳೆಯುತ್ತದೆ. ಕೆಳಗೆ ‘ನೀವೂ ಮಾಡಬಹುದು’ ಎಂಬ ಸಾಲು.

ಟೆಕ್ಸಸ್‌ನಲ್ಲಿರುವ ನಮ್ಮ ಓದುಗರೊಬ್ಬರು ಇಂಥದೇ ವಿಡಿಯೋ ಕಳಿಸಿ ಒಂದು ಪ್ರಶ್ನೆ ಕೇಳಿದ್ದರು. ಅವರು ಹಳೆಯ ಫೋರ್ಡ್ ಒಂದನ್ನು ಕೊಂಡಿದ್ದಾರೆ. ಗ್ಯಾರೇಜಿನಲ್ಲೇ ಪೇಂಟ್ ಹೊಡೆಯುವ ಆಸೆ. ಯಾವ ಬಣ್ಣ ಇರಲಿ ಎಂದು ಮನೆಯವರ ಗುಂಪಿನಲ್ಲಿ ಕೇಳಿದರೆ ತಲೆಗೊಂದು ಸಲಹೆ ಬಂತಂತೆ. ಊರಿನಲ್ಲಿರುವ ಸೋದರಮಾವ ಮಾತ್ರ ಬಣ್ಣದ ಮಾತೆತ್ತಲಿಲ್ಲ. ‘ಪೇಂಟ್ ಹೊಡೆದಾದ ಮೇಲೆ ಒಂದು ಲೋಟ ಹಾಲು ಕುಡಿ, ಒಂದು ತುಂಡು ಬೆಲ್ಲ ತಿನ್ನು, ಎದೆಯಲ್ಲಿ ಏನೂ ನಿಲ್ಲಲ್ಲ’ ಎಂದರಂತೆ. ಮಾವ ಹೇಳಿದ್ದು ಸರಿಯೇ ಎಂಬುದು ಓದುಗರ ಪ್ರಶ್ನೆ.

ನಾವು ಬಣ್ಣದ ಬಗ್ಗೆ ಬರೆಯಲು ಹೊರಟಿದ್ದೆವು. ಆದರೆ ಈ ಇಡೀ ಸಂಭಾಷಣೆಯಲ್ಲಿ ಎದೆಯ ಚಿಂತೆ ಮಾಡಿದವರು ಮಾವ ಒಬ್ಬರೇ. ಹಾಗಾಗಿ ಎದೆಯ ವಿಷಯ ಮೊದಲು, ಬಣ್ಣದ ವಿಷಯ ಆಮೇಲೆ.

ಹಾಟ್ ರಾಡ್ ಎಂದರೇನು?

ಹಳೆಯ ಕಾರಿನ ಭಾರ ಇಳಿಸಿ, ಎಂಜಿನ್‌ನ ಬಲ ಏರಿಸಿ, ವೇಗಕ್ಕೆಂದೇ ತಿದ್ದಿಕೊಂಡ ಕಾರು ಹಾಟ್ ರಾಡ್. ಇದು ಅಮೆರಿಕದ, ಅದರಲ್ಲೂ ದಕ್ಷಿಣ ಕ್ಯಾಲಿಫೋರ್ನಿಯಾದ ಹವ್ಯಾಸ. 1930ರ ದಶಕದಲ್ಲಿ ಅಲ್ಲಿನ ಯುವಕರು ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಮುಂತಾದವನ್ನು ಕಿತ್ತುಹಾಕಿ, ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಇಂಥ ಓಟಗಳನ್ನು ಒಂದು ಶಿಸ್ತಿಗೆ ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಹುಚ್ಚು ಇನ್ನಷ್ಟು ಹರಡಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಪತ್ರಿಕೆಯೇ ಶುರುವಾಯಿತು.

ಈ ಹವ್ಯಾಸಿಗಳ ಅಚ್ಚುಮೆಚ್ಚಿನ ಕಾರು 1932ರ ಫೋರ್ಡ್. ಸಾಮಾನ್ಯ ಜನರ ಕೈಗೆಟುಕುವ ಬೆಲೆಗೆ ಫೋರ್ಡ್ ಕಂಪನಿ ವಿ8 ಎಂಜಿನ್ ಕೊಟ್ಟಿದ್ದು ಆ ವರ್ಷವೇ.

ಕಾರನ್ನು ತಾನೇ ಕಟ್ಟುವುದು ಈ ಹವ್ಯಾಸದ ಜೀವಾಳ. ಆದ್ದರಿಂದ ಪೇಂಟನ್ನೂ ನಾನೇ ಹೊಡೆಯುತ್ತೇನೆ ಎನ್ನುವುದು ಹೊಸ ಹುಮ್ಮಸ್ಸೇನೂ ಅಲ್ಲ. ಆದರೆ ಆಗಿನ ಪೇಂಟ್ ಬೇರೆ, ಈಗಿನ ಪೇಂಟ್ ಬೇರೆ. ಆಗ ಬಳಕೆಯಲ್ಲಿದ್ದ ಲ್ಯಾಕರ್, ತಿನ್ನರ್ ಆವಿಯಾಗಿ ಹೋದಂತೆ ಒಣಗುತ್ತಿತ್ತು. ಅದಕ್ಕೂ ಅಪಾಯಗಳಿದ್ದವು, ಬೆಂಕಿಯ ಭಯವಂತೂ ಇದ್ದೇ ಇತ್ತು. ಈಗಿನ ಪೇಂಟ್ ಬರಿದೆ ಒಣಗುವುದಲ್ಲ, ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ನಮ್ಮ ಲೇಖನದ ಮುಖ್ಯ ವಿಷಯ ಇರುವುದು ಇಲ್ಲೇ.

ಆ ಹೊಳಪಿನಲ್ಲಿ ಏನಿದೆ?

ಇವತ್ತಿನ ಕಾರಿನ ಮೈಮೇಲೆ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ತಗಡಿಗೆ ಅಂಟಿಕೊಂಡು ತುಕ್ಕು ತಡೆಯುವುದು ಪ್ರೈಮರ್. ಅದರ ಮೇಲೆ ಬಣ್ಣ ಕೊಡುವ ಬೇಸ್ ಕೋಟ್. ಎಲ್ಲಕ್ಕಿಂತ ಮೇಲೆ, ಬಣ್ಣವೇ ಇಲ್ಲದ, ಗಾಜಿನಂತೆ ಹೊಳೆಯುವ ಕ್ಲಿಯರ್ ಕೋಟ್. ಬಿಸಿಲು, ಮಳೆ, ಪೆಟ್ರೋಲಿನ ಹನಿ, ಎಲ್ಲವನ್ನೂ ತಡೆದುಕೊಳ್ಳುವುದು ಈ ಕೊನೆಯ ಪದರ.

ಕ್ಲಿಯರ್ ಕೋಟ್ ಹೊಡೆಯುವ ಮುನ್ನ ಅದಕ್ಕೆ ಇನ್ನೊಂದು ಸಣ್ಣ ಡಬ್ಬಿಯ ದ್ರವ ಬೆರೆಸುತ್ತಾರೆ. ಅದೇ ಹಾರ್ಡ್ನರ್. ಎರಡು ಭಾಗ ಬೆರೆಸಿ ಹೊಡೆಯುವ ಪೇಂಟ್ ಆದ್ದರಿಂದ ಇದಕ್ಕೆ 2ಕೆ ಪೇಂಟ್ ಎಂಬ ಹೆಸರು. ಎರಡೂ ಸೇರಿ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ ಪದರ ಆಗುತ್ತದೆ. ಈ ಹಾರ್ಡ್ನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಐಸೋಸಯನೇಟ್. ಕಾರಿನ ಪೇಂಟ್‌ನಲ್ಲಿ ಹೆಚ್ಚಾಗಿ ಬಳಸುವ ಬಗೆಗೆ ಹೆಕ್ಸಾಮೆಥಿಲೀನ್ ಡೈಐಸೋಸಯನೇಟ್ ಎಂದು ಹೆಸರು. ಡಬ್ಬಿಯ ಮೇಲೆ ಅದನ್ನು ಎಚ್‌ಡಿಐ ಎಂದು ಚಿಕ್ಕದಾಗಿ ಬರೆದಿರಬಹುದು.

ಡಬ್ಬಿಯೊಳಗೆ ಇರುವಾಗ ಇದು ಅಷ್ಟಾಗಿ ಆವಿಯಾಗುವುದಿಲ್ಲ. ಸ್ಪ್ರೇ ಗನ್‌ನಿಂದ ಹೊಡೆದಾಗ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಇಡೀ ಕೋಣೆಯಲ್ಲಿ ತೇಲುತ್ತದೆ. ಕಣ್ಣಿಗೆ ಕಾಣುವ ಮಂಜು ಕರಗಿದ ಮೇಲೂ ಅದು ಗಾಳಿಯಲ್ಲಿ ಇರುತ್ತದೆ.

ಅದು ಶ್ವಾಸಕೋಶಕ್ಕೆ ಮಾಡುವ ಹಾನಿ ಹೊಗೆಯ ಹಾಗಲ್ಲ. ಹೊಗೆ ಕುಡಿದರೆ ಕೆಮ್ಮು ಬರುತ್ತದೆ, ಹೊರಗೆ ಬಂದರೆ ಕಡಿಮೆಯಾಗುತ್ತದೆ. ಐಸೋಸಯನೇಟ್ ಕೆಲವರ ದೇಹವನ್ನು ಅಲರ್ಜಿಗೆ ಒಗ್ಗಿಸಿಬಿಡುತ್ತದೆ. ಒಮ್ಮೆ ಹಾಗಾಯಿತೆಂದರೆ ಮುಂದೆ ತೀರಾ ಸ್ವಲ್ಪವೇ ತಗುಲಿದರೂ ಉಸಿರು ಕಟ್ಟುತ್ತದೆ. ಕೆಲವರಿಗೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಹಾಗಾಗುತ್ತದೆ, ಕೆಲವರಿಗೆ ಬೇಗನೆ. ಯಾರಿಗೆ, ಯಾವಾಗ ಎಂದು ಮೊದಲೇ ಹೇಳಲಾಗದು. ಚರ್ಮಕ್ಕೆ ತಗುಲಿದರೂ ಈ ಒಗ್ಗುವಿಕೆ ಶುರುವಾಗಬಹುದು. ಕೆಲಸದಿಂದ ಬರುವ ಅಸ್ತಮಾದ ಪ್ರಮುಖ ಕಾರಣಗಳಲ್ಲಿ ಐಸೋಸಯನೇಟ್ ಒಂದು ಎಂಬುದು ವೈದ್ಯಲೋಕ ಒಪ್ಪಿಕೊಂಡ ಸಂಗತಿ. ಯುರೋಪಿನ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, 0.1 ಶೇಕಡಕ್ಕಿಂತ ಹೆಚ್ಚು ಡೈಐಸೋಸಯನೇಟ್ ಇರುವ ವಸ್ತುಗಳನ್ನು ವೃತ್ತಿಯಲ್ಲಿ ಬಳಸುವವರು ತರಬೇತಿ ಪಡೆದಿರಲೇಬೇಕು ಎಂಬ ನಿಯಮ ಬಂದಿದೆ.

ಅಮೆರಿಕದಲ್ಲಿ ಸ್ಪ್ರೇ ಪೇಂಟಿಂಗ್ ಅಂಗಡಿಗಳಿಗೆಂದು ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮಗಳಿವೆ. ಹವ್ಯಾಸಕ್ಕಾಗಿ ತನ್ನ ಸ್ವಂತ ವಾಹನಕ್ಕೆ, ವರ್ಷಕ್ಕೆ ಎರಡರ ಒಳಗೆ, ಪೇಂಟ್ ಹೊಡೆಯುವವರಿಗೆ ಆ ನಿಯಮದಿಂದ ವಿನಾಯಿತಿ ಇದೆ. ‘ಮನೆಯಲ್ಲಿ ಹೊಡೆದರೆ ಏನೂ ತೊಂದರೆ ಇಲ್ಲ, ಸರ್ಕಾರವೇ ಒಪ್ಪಿದೆ’ ಎಂದು ಇದನ್ನೇ ತೋರಿಸುವವರಿದ್ದಾರೆ. ಆ ವಿನಾಯಿತಿ ಕಾಗದಪತ್ರಗಳಿಗೆ, ಶ್ವಾಸಕೋಶಕ್ಕಲ್ಲ. ಸ್ಥಳೀಯ ಆಡಳಿತ, ಬಡಾವಣೆಯ ಸಂಘ, ಮನೆಯ ವಿಮೆಯ ಷರತ್ತುಗಳು ಬೇರೆಯೇ ಇರಬಹುದು. ಅವನ್ನೂ ವಿಚಾರಿಸಿಕೊಳ್ಳಬೇಕು.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು, ನಮ್ಮ ಉತ್ತರಗಳು

ಹೇಳಿಕೆ 1: ‘ಕೊರೊನಾ ಕಾಲದ ಮಾಸ್ಕ್ ಹಾಕಿಕೊಂಡರೆ ಸಾಕು.’

ಸುಳ್ಳು. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಈ ಕೆಲಸಕ್ಕೆ ಅಲ್ಲವೇ ಅಲ್ಲ. ಎನ್95 ಧೂಳಿನ ಕಣಗಳನ್ನು ತಡೆಯುತ್ತದೆ, ಆದರೆ ತಿನ್ನರ್ ಮತ್ತು ಹಾರ್ಡ್ನರ್‌ನ ಆವಿಯನ್ನು ತಡೆಯುವುದಿಲ್ಲ. ಎರಡು ಬದಿಗೆ ಇದ್ದಿಲು ತುಂಬಿದ ಡಬ್ಬಿಗಳಿರುವ ರಬ್ಬರ್ ಮಾಸ್ಕ್ ಇದಕ್ಕಿಂತ ಎಷ್ಟೋ ಮೇಲು. ಅದಕ್ಕೂ ಒಂದು ಕೊರತೆಯಿದೆ. ಇದ್ದಿಲು ತುಂಬಿಹೋಗಿ ಕೆಲಸ ನಿಲ್ಲಿಸಿದ್ದು ನಿಮಗೆ ಗೊತ್ತಾಗುವುದಿಲ್ಲ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಅಂಟುವುದೂ ಇಲ್ಲ.

2ಕೆ ಪೇಂಟ್ ಹೊಡೆಯುವವರಿಗೆ ತಜ್ಞ ಸಂಸ್ಥೆಗಳು ಹೇಳುವುದು ಹೊರಗಿನಿಂದ ಶುದ್ಧ ಗಾಳಿಯನ್ನು ನಳಿಕೆಯ ಮೂಲಕ ಮುಖಕ್ಕೆ ತಂದುಕೊಡುವ ಸಾಧನ. ಇಲ್ಲೊಂದು ಎಚ್ಚರಿಕೆ: ಪೇಂಟ್ ಹೊಡೆಯುವ ಸಾಮಾನ್ಯ ಕಂಪ್ರೆಸರ್‌ಗೇ ಪೈಪು ಸಿಕ್ಕಿಸಿಕೊಂಡು ಉಸಿರಾಡುವ ‘ಜುಗಾಡ್’ ವಿಡಿಯೋಗಳನ್ನು ನಂಬಬೇಡಿ. ಅದರ ಗಾಳಿಯಲ್ಲಿ ಎಣ್ಣೆಯ ಅಂಶವೂ ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲವೂ ಇರಬಹುದು. ಉಸಿರಾಟಕ್ಕೆಂದೇ ಮಾಡಿದ ಸಾಧನವೇ ಬೇಕು.

ಹೇಳಿಕೆ 2: ‘ವಾಸನೆ ಬರದಿದ್ದರೆ ಅಪಾಯ ಇಲ್ಲ.’

ಸುಳ್ಳು, ಮತ್ತು ಅಪಾಯಕಾರಿ. ಮೂಗಿಗೆ ಹೊಡೆಯುವ ವಾಸನೆ ಹೆಚ್ಚಾಗಿ ತಿನ್ನರ್‌ನದು. ಐಸೋಸಯನೇಟ್‌ನ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಅದರ ಪ್ರಮಾಣ ಸುರಕ್ಷಿತ ಮಿತಿಯನ್ನು ದಾಟಿರುತ್ತದೆ. ಇಲ್ಲಿ ಮೂಗನ್ನು ನಂಬುವಂತಿಲ್ಲ.

ಹೇಳಿಕೆ 3: ‘ಗ್ಯಾರೇಜಿನ ಬಾಗಿಲು ತೆರೆದು ಒಂದು ಫ್ಯಾನ್ ಇಟ್ಟರೆ ಆಯಿತು.’

ಅರ್ಧ ಸತ್ಯ. ಗಾಳಿಯಾಡಿದರೆ ಒಳ್ಳೆಯದೇ. ಆದರೆ ಆ ಗಾಳಿ ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆಯ ಕಿಟಕಿಗೋ, ಅಂಗಳದಲ್ಲಿ ಆಡುವ ಮಕ್ಕಳ ಕಡೆಗೋ, ಗ್ಯಾರೇಜಿಗೆ ಅಂಟಿಕೊಂಡಿರುವ ನಿಮ್ಮದೇ ಅಡುಗೆಮನೆಗೋ. ಎರಡನೆಯದು ಬೆಂಕಿ. ತಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗುತ್ತದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಹೀಟರ್ ಇರುವುದು ಗ್ಯಾರೇಜಿನಲ್ಲೇ. ಅದರ ಸಣ್ಣ ಜ್ವಾಲೆ ಸಾಕು. ಸಾಮಾನ್ಯ ಫ್ಯಾನಿನ ಮೋಟಾರಿನ ಕಿಡಿಯೂ ಸಾಕು.

ಹೇಳಿಕೆ 4: ‘ಹಾಲು ಕುಡಿದು ಬೆಲ್ಲ ತಿಂದರೆ ಎದೆ ಶುದ್ಧವಾಗುತ್ತದೆ.’

ಸುಳ್ಳು. ಇದು ಹಳೆಯ ನಂಬಿಕೆ. ಧೂಳಿನಲ್ಲಿ ದುಡಿಯುವವರಿಗೆ ಬೆಲ್ಲ, ಪೇಂಟ್ ಕೆಲಸದವರಿಗೆ ಹಾಲು ಕೊಡುವ ರೂಢಿ ನಮ್ಮಲ್ಲಿ ಇದೆ. ಆದರೆ ಕುಡಿದ ಹಾಲು, ತಿಂದ ಬೆಲ್ಲ ಹೋಗುವುದು ಹೊಟ್ಟೆಗೆ. ಪೇಂಟ್‌ನ ತುಂತುರು ಹೋಗುವುದು ಶ್ವಾಸಕೋಶಕ್ಕೆ. ಎರಡರ ದಾರಿಯೂ ಬೇರೆ. ಐಸೋಸಯನೇಟ್ ಅಂಗಾಂಶಗಳ ಜೊತೆ ಬಹಳ ಬೇಗ ಬೆರೆಯುತ್ತದೆ, ಆಮೇಲೆ ತೊಳೆದು ತೆಗೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹಾಲು ಕುಡಿಯುವುದರಿಂದ ತೊಂದರೆ ಇಲ್ಲ. ಹಾಲು ಕುಡಿದಿದ್ದೇನೆ ಎಂಬ ಧೈರ್ಯದಲ್ಲಿ ಸಾಧನ ಧರಿಸದೆ ಇರುವುದು ತೊಂದರೆ.

ಹೇಳಿಕೆ 5: ‘ಕಾರಿನ ಪೇಂಟ್‌ನಲ್ಲಿ ಇರುವುದು ಸಯನೈಡ್, ಅದೇ ಭೋಪಾಲದ ವಿಷಾನಿಲ.’

ಗೊಂದಲದ ಮಾತು. ಹೆಸರಿನಲ್ಲಿ ಹೋಲಿಕೆ ಇದ್ದರೂ ಐಸೋಸಯನೇಟ್ ಮತ್ತು ಸಯನೈಡ್ ಬೇರೆ ಬೇರೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೋಸಯನೇಟ್. ಅದು ಸುಲಭವಾಗಿ ಅನಿಲವಾಗಿಬಿಡುವ ಸಣ್ಣ ಅಣು. ಪೇಂಟ್‌ನ ಹಾರ್ಡ್ನರ್‌ನಲ್ಲಿ ಇರುವುದು ಅದೇ ಬಳಗದ ದೊಡ್ಡ, ಭಾರದ ಅಣುಗಳು. ಡಬ್ಬಿ ಮುಚ್ಚಳ ತೆಗೆದಾಕ್ಷಣ ಭೋಪಾಲದ ಹಾಗೆ ಆಗುವುದಿಲ್ಲ. ಹಾಗೆಂದು ನಿರಪಾಯಕಾರಿಯೂ ಅಲ್ಲ. ಅತಿಯಾಗಿ ಹೆದರಿಸುವ ಫಾರ್ವರ್ಡ್ ಓದಿದವರು ಅದು ಸುಳ್ಳೆಂದು ಗೊತ್ತಾದ ದಿನ ನಿಜವಾದ ಅಪಾಯವನ್ನೂ ನಂಬುವುದಿಲ್ಲ. ಈ ಹೇಳಿಕೆಯಿಂದ ಆಗುವ ನಷ್ಟ ಅದು.

ಹೇಳಿಕೆ 6: ‘ಸ್ಪ್ರೇ ಕ್ಯಾನ್‌ನಲ್ಲಿ ಬರುವುದಕ್ಕೆ ಇದೆಲ್ಲ ಬೇಕಿಲ್ಲ.’

ಎಲ್ಲ ಕ್ಯಾನ್‌ಗಳಿಗೂ ಇದು ನಿಜವಲ್ಲ. ತಳದಲ್ಲಿ ಒಂದು ಗುಂಡಿ ಇದ್ದು, ಅದನ್ನು ಒತ್ತಿ ಒಳಗಿನ ಹಾರ್ಡ್ನರ್ ಬಿಡುಗಡೆ ಮಾಡಿ ಹೊಡೆಯುವ ಕ್ಯಾನ್‌ಗಳು 2ಕೆ ಬಗೆಯವು. ಅವುಗಳಲ್ಲಿಯೂ ಐಸೋಸಯನೇಟ್ ಇರಬಹುದು. ನೀರಿನಲ್ಲಿ ಕರಗುವ ಬೇಸ್ ಕೋಟ್ ಬಳಸಿದರೂ ಅದರ ಮೇಲಿನ ಕ್ಲಿಯರ್ ಕೋಟ್ ಹೆಚ್ಚಾಗಿ 2ಕೆಯೇ ಆಗಿರುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಹೆಚ್ಚಿನ ಕೆಲಸವನ್ನೇ ಮಾಡಬಹುದು. ಹೊಳಪಿನ ಗುಟ್ಟು ಗನ್ ಹಿಡಿದ ಆ ಹತ್ತು ನಿಮಿಷದಲ್ಲಿ ಇಲ್ಲ, ಅದಕ್ಕೂ ಮುಂಚಿನ ವಾರಗಳ ಉಜ್ಜಾಟದಲ್ಲಿದೆ. ಆ ವಾರಗಳನ್ನು ವಿಡಿಯೋ ತೋರಿಸುವುದಿಲ್ಲ.

ಮೊದಲಿಗೆ ತೊಳೆಯುವುದು. ಎಣ್ಣೆ, ಮೇಣ, ಪಾಲಿಶ್ ಪೂರ್ತಿ ಹೋಗಬೇಕು. ಪಾಲಿಶ್‌ನ ಸಿಲಿಕಾನ್ ಒಂದಿಷ್ಟು ಉಳಿದರೂ ಹೊಸ ಪೇಂಟ್ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ. ಆಮೇಲೆ ಹಳೆಯ ಪೇಂಟ್, ತುಕ್ಕು ತೆಗೆಯುವುದು. ಇಲ್ಲಿ ಇನ್ನೊಂದು ಅಪಾಯ ಸೀಸ. ಹಳೆಯ ಅಮೆರಿಕನ್ ಕಾರುಗಳ ಪೇಂಟ್‌ನಲ್ಲಿ ಸೀಸ ಇರಬಹುದು. ತಗ್ಗುಗಳನ್ನು ಸೀಸದ ಬೆಸುಗೆಯಿಂದ ತುಂಬುವ ರೂಢಿಯೂ ಆಗ ಇತ್ತು. ಒಣಗಿದ್ದನ್ನು ಮೆಷಿನ್‌ನಿಂದ ಉಜ್ಜಿದರೆ ಸೀಸದ ಧೂಳು ಮನೆಯೊಳಗೆ ಬರುತ್ತದೆ. ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಹಾನಿಕರ. ಆದ್ದರಿಂದ ನೀರು ಹಾಕಿಕೊಂಡು ಉಜ್ಜಿ, ಕೆಸರನ್ನು ಒರೆಸಿ ಬೇರೆಯಾಗಿ ತುಂಬಿಡಿ. ಚರಂಡಿಗೆ ಬಿಡಬೇಡಿ. ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ.

ನಂತರ ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್. ಪ್ರತಿ ಪದರಕ್ಕೂ ಉಜ್ಜುವ ಕಾಗದದ ನಂಬರ್ ಏರುತ್ತಾ ಹೋಗುತ್ತದೆ. ಪುಟ್ಟಿಗೆ 80 ಅಥವಾ 180, ಪ್ರೈಮರ್‌ಗೆ 320, ಬಣ್ಣ ಹೊಡೆಯುವ ಮುನ್ನ 400ರಿಂದ 600. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಗುರುತು ಉಳಿಯುತ್ತದೆ, ಕಾಗದವನ್ನು ಸಪಾಟಾದ ಹಲಗೆಗೆ ಸುತ್ತಿ ಉಜ್ಜಬೇಕು. ಪ್ರೈಮರ್‌ಗಳಲ್ಲಿಯೂ ಕೆಲವು 2ಕೆ ಬಗೆಯವು ಇರುತ್ತವೆ. ಅಲ್ಲಿಯೂ ಡಬ್ಬಿ ಓದಲೇಬೇಕು.

ಇಷ್ಟಾದ ಮೇಲೆ ನಮ್ಮ ಸಲಹೆ ಸರಳ. ಬಣ್ಣ ಮತ್ತು ಕ್ಲಿಯರ್ ಕೋಟ್‌ಗೆ ಪೇಂಟ್ ಬೂತ್ ಇರುವ ಅಂಗಡಿಗೆ ಕಾರು ಒಯ್ಯಿರಿ. ಉಜ್ಜುವ ಕೆಲಸ ನೀವೇ ಮುಗಿಸಿರುವುದರಿಂದ ಖರ್ಚಿನಲ್ಲಿ ದೊಡ್ಡ ಭಾಗ ಉಳಿದಿರುತ್ತದೆ. ಅದೂ ಬೇಡ, ಮನೆಯಲ್ಲೇ ಆಗಬೇಕು ಎಂದರೆ ಹಾರ್ಡ್ನರ್ ಬೇಕಿಲ್ಲದ ಲ್ಯಾಕರ್ ಅಥವಾ ಎನಾಮಲ್ ಇದೆ. ಬಾಳಿಕೆ ಕಡಿಮೆ, ಪೆಟ್ರೋಲ್ ಬಿದ್ದರೆ ಕಲೆಯಾಗುತ್ತದೆ. ಆದರೆ ಹಾಟ್ ರಾಡ್‌ಗಳು ಹುಟ್ಟಿದ ಕಾಲದ ಹೊಳಪು ಅದರದೇ. ಅದಕ್ಕೂ ಆವಿ ತಡೆಯುವ ಮಾಸ್ಕ್, ಕೈಗವಸು, ಕನ್ನಡಕ ಬೇಕು. ಬೆಂಕಿಯ ಮೂಲಗಳನ್ನೆಲ್ಲ ಆರಿಸಿರಬೇಕು.

ಅಂಗಡಿಗೆ ಕೊಟ್ಟ ಮಾತ್ರಕ್ಕೆ ಅಪಾಯ ಮಾಯವಾಗುವುದಿಲ್ಲ, ಇನ್ನೊಬ್ಬರ ಕಡೆಗೆ ಹೋಗುತ್ತದೆ. ಇದನ್ನು ನಾವು ಮರೆಯಬಾರದು. ನಮ್ಮ ಊರುಗಳ ಎಷ್ಟೋ ಡೆಂಟಿಂಗ್–ಪೇಂಟಿಂಗ್ ಅಂಗಡಿಗಳಲ್ಲಿ ಹುಡುಗರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಇದೇ ಪೇಂಟ್ ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಕಾರು ಬಿಡುವ ಮುನ್ನ ‘ಹೊಡೆಯುವವರಿಗೆ ಏನು ಕೊಟ್ಟಿದ್ದೀರಿ’ ಎಂದು ಒಂದು ಮಾತು ಕೇಳಿ. ಗಿರಾಕಿ ಕೇಳಿದರೆ ಅಂಗಡಿಯವರು ಯೋಚಿಸುತ್ತಾರೆ.

ಯಾವಾಗ ಡಾಕ್ಟರ ಬಳಿ ಹೋಗಬೇಕು?

ಪೇಂಟ್ ಕೆಲಸ ಮಾಡಿದ ದಿನ ಅಥವಾ ಆ ರಾತ್ರಿ ಕೆಮ್ಮು, ಎದೆ ಬಿಗಿತ, ಉಸಿರಾಡುವಾಗ ಸುಯ್ ಎಂಬ ಶಬ್ದ ಬಂದರೆ ನಿರ್ಲಕ್ಷಿಸಬೇಡಿ. ಲಕ್ಷಣಗಳು ಕೆಲವು ಗಂಟೆ ತಡವಾಗಿ ಕಾಣಿಸಬಹುದು. ಕೆಲಸದ ದಿನಗಳಲ್ಲಿ ಹೆಚ್ಚಾಗಿ, ರಜೆಯಲ್ಲಿ ಕಡಿಮೆಯಾದರೆ ಅದೂ ಒಂದು ಸೂಚನೆ. ಡಾಕ್ಟರಿಗೆ ‘ಶೀತ’ ಎಂದಷ್ಟೇ ಹೇಳದೆ, ಹಾರ್ಡ್ನರ್ ಬೆರೆಸಿದ ಪೇಂಟ್ ಹೊಡೆದಿದ್ದೇನೆ ಎಂದು ಹೇಳಿ. ಸಾಧ್ಯವಾದರೆ ಡಬ್ಬಿಯ ಲೇಬಲ್‌ನ ಫೋಟೋ ತೋರಿಸಿ. ಉಸಿರು ಕಟ್ಟುತ್ತಿದ್ದರೆ ಕಾಯಬೇಡಿ. ಭಾರತದಲ್ಲಿ 108, ಅಮೆರಿಕದಲ್ಲಿ 911ಕ್ಕೆ ಕರೆ ಮಾಡಿ.

ಇನ್ನು ಬಣ್ಣದ ಮಾತು

‘ಹಳೆಯ ಫೋರ್ಡ್ ಅಂದರೆ ಕಪ್ಪೇ ಇರಬೇಕು, ಬೇರೆ ಬಣ್ಣ ಬರುತ್ತಲೇ ಇರಲಿಲ್ಲ.’ ಭಾಗಶಃ ನಿಜ. ಮಾಡೆಲ್ ಟಿ ಮಾರುಕಟ್ಟೆಗೆ ಬಂದ 1908ರಿಂದ ಮೊದಲ ಕೆಲವು ವರ್ಷ ಹಸಿರು, ಕೆಂಪು, ನೀಲಿ, ಬೂದು ಬಣ್ಣಗಳಲ್ಲಿ ಸಿಗುತ್ತಿತ್ತು. ಬರೀ ಕಪ್ಪು ಬಂದಿದ್ದು 1914ರಿಂದ 1925ರವರೆಗೆ. ಕಪ್ಪು ಪೇಂಟ್ ಅಗ್ಗವಾಗಿತ್ತು, ಬಾಳಿಕೆ ಬರುತ್ತಿತ್ತು. 1926ರಲ್ಲಿ ಬಣ್ಣಗಳು ಮರಳಿ ಬಂದವು. ಅಷ್ಟರಲ್ಲಿ ಜನರಲ್ ಮೋಟಾರ್ಸ್ 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯುಕೊ ಎಂಬ ಬೇಗ ಒಣಗುವ ಲ್ಯಾಕರ್ ಹಚ್ಚಿ ನೀಲಿ ಬಣ್ಣದಲ್ಲಿ ಮಾರಲು ಶುರು ಮಾಡಿತ್ತು. ನಿಮ್ಮ ಹಳೆಯ ಫೋರ್ಡ್‌ಗೆ ಹಸಿರು ಹಚ್ಚಿದರೆ ಇತಿಹಾಸಕ್ಕೆ ಅಪಚಾರವೇನೂ ಆಗುವುದಿಲ್ಲ.

‘ಕಪ್ಪು ಕಾರು ಬಿಸಿಲಿನಲ್ಲಿ ಒಲೆ.’ ನಿಜ. ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಕಾರುಗಳನ್ನು ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ನಿಲ್ಲಿಸಿ ಅಳೆದು, 2011ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಒಂದು ಗಂಟೆಯಲ್ಲಿ ಕಪ್ಪು ಕಾರಿನ ಚಾವಣಿ 25 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚು ಬಿಸಿಯಾಗಿತ್ತು. ಒಳಗಿನ ಗಾಳಿಯಲ್ಲಿ 5ರಿಂದ 6 ಡಿಗ್ರಿ ವ್ಯತ್ಯಾಸವಿತ್ತು. ಎ.ಸಿ. ಇಲ್ಲದ ಹಾಟ್ ರಾಡ್‌ನಲ್ಲಿ ಟೆಕ್ಸಸ್‌ನ ಬೇಸಿಗೆ ಕಳೆಯುವವರಿಗೆ ಇದು ಸಣ್ಣ ಮಾತಲ್ಲ. ಆದರೆ ತಿಳಿ ಬಣ್ಣದ ಕಾರೂ ಮುಚ್ಚಿದ್ದರೆ ಬಿಸಿಯಾಗಿಯೇ ಆಗುತ್ತದೆ. ಮಗುವನ್ನಾಗಲಿ ಸಾಕುಪ್ರಾಣಿಯನ್ನಾಗಲಿ ಯಾವ ಬಣ್ಣದ ಕಾರಿನಲ್ಲಿಯೂ ಬಿಟ್ಟುಹೋಗಬಾರದು.

‘ಬಿಳಿ ಕಾರಿಗೆ ಅಪಘಾತ ಕಡಿಮೆ.’ ಒಂದಷ್ಟು ಆಧಾರ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರದ 2007ರ ಅಧ್ಯಯನದಲ್ಲಿ, ಹಗಲು ಹೊತ್ತಿನಲ್ಲಿ ಬಿಳಿ ಕಾರಿಗಿಂತ ಕಪ್ಪು ಕಾರಿಗೆ ಅಪಘಾತದ ಸಂಭವ ಸುಮಾರು 12 ಶೇಕಡ ಹೆಚ್ಚು ಕಂಡುಬಂತು. ಇದು ಅಂಕಿಅಂಶಗಳ ನಡುವಿನ ನಂಟು ಅಷ್ಟೇ. ಚಾಲಕನ ಎಚ್ಚರ, ವೇಗ, ದೀಪಗಳ ಸ್ಥಿತಿ ಬಣ್ಣಕ್ಕಿಂತ ಮುಖ್ಯ.

‘ಕೆಂಪು ಕಾರಿಗೆ ವಿಮೆ ಜಾಸ್ತಿ, ಪೊಲೀಸರು ಹಿಡಿಯುವುದೂ ಜಾಸ್ತಿ.’ ಅಮೆರಿಕದಲ್ಲಿ ಬಹಳ ಹಳೆಯ ಮಾತಿದು. ಅಲ್ಲಿನ ವಿಮಾ ಕಂಪನಿಗಳು ಕಾರಿನ ಮಾದರಿ, ವಯಸ್ಸು, ಚಾಲಕನ ದಾಖಲೆಗಳನ್ನು ನೋಡುತ್ತವೆ. ಬಣ್ಣ ನೋಡಿ ಕಂತು ಏರಿಸುವುದಿಲ್ಲ. ಪೊಲೀಸರ ರೇಡಾರ್ ಅಳೆಯುವುದು ವೇಗವನ್ನು, ಬಣ್ಣವನ್ನಲ್ಲ.

ಹೊಸಬರ ಕೈಗೆ ಯಾವ ಬಣ್ಣ ಒದಗುತ್ತದೆ?

ಫಾರ್ವರ್ಡ್‌ಗಳು ಹೇಳದ ಸಂಗತಿ ಇದು. ಬಣ್ಣಕ್ಕೆ ಬಣ್ಣ ಕೆಲಸದ ಕಷ್ಟ ಬೇರೆಯಾಗುತ್ತದೆ.

ಹೊಳೆಯುವ ಕಪ್ಪು ಎಲ್ಲಕ್ಕಿಂತ ಕಟು. ತಗಡಿನ ಪ್ರತಿ ತಗ್ಗು, ಪ್ರತಿ ಅಲೆ ಅದರಲ್ಲಿ ಎದ್ದು ಕಾಣುತ್ತದೆ. ಬಿಳಿ, ಕೆನೆ, ತಿಳಿ ಬೂದು ಬಣ್ಣಗಳು ತಪ್ಪುಗಳನ್ನು ಮುಚ್ಚಿಕೊಳ್ಳುತ್ತವೆ. ಹೊಳಪಿಲ್ಲದ ಮಂದ ಬಣ್ಣಗಳೂ ಹಾಗೆಯೇ. 1950ರ ದಶಕದಲ್ಲಿ ದುಡ್ಡು ಮುಗಿದ ಹುಡುಗರು ಪ್ರೈಮರ್‌ನಲ್ಲೇ ಕಾರು ಓಡಿಸುತ್ತಿದ್ದರು. ಮುಂದೆ ಆ ಮಂದ ಕಪ್ಪೇ ಒಂದು ಶೈಲಿಯಾಯಿತು.

ಕೆಂಪು ಮತ್ತು ಹಳದಿ ಬಣ್ಣಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಅವುಗಳಿಗೆ ಹೊಂದುವ ಬಣ್ಣದ ಪ್ರೈಮರ್ ಇಲ್ಲದಿದ್ದರೆ ಪದರದ ಮೇಲೆ ಪದರ ಹೊಡೆಯಬೇಕಾಗುತ್ತದೆ. 1973ರ ‘ಅಮೆರಿಕನ್ ಗ್ರಫಿಟಿ’ ಚಿತ್ರದ ಹಳದಿ 1932ರ ಫೋರ್ಡ್ ನೋಡಿ ಮನಸೋತವರು ಇದನ್ನು ನೆನಪಿಡಬೇಕು. ಮೆಟಾಲಿಕ್ ಬಣ್ಣದಲ್ಲಿ ಲೋಹದ ಸಣ್ಣ ಚೂರುಗಳಿರುತ್ತವೆ. ಗನ್ ಹಿಡಿದ ದೂರ, ಕೈಯ ವೇಗ ಒಂದೇ ಸಮ ಇಲ್ಲದಿದ್ದರೆ ಹುಲಿಯ ಮೈಯಂತೆ ಪಟ್ಟೆಗಳು ಬೀಳುತ್ತವೆ. ಎಲ್ಲಕ್ಕಿಂತ ಕಷ್ಟದ್ದು ಕ್ಯಾಂಡಿ ಬಣ್ಣ. ಬೆಳ್ಳಿ ಅಥವಾ ಬಂಗಾರದ ತಳದ ಮೇಲೆ ಪಾರದರ್ಶಕ ಬಣ್ಣದ ಪದರಗಳನ್ನು ಹೊಡೆಯುತ್ತಾರೆ. ಒಂದು ಪದರ ಹೆಚ್ಚಾದರೂ ಆ ಭಾಗ ಗಾಢವಾಗುತ್ತದೆ. ಮುಂದೆ ಎಲ್ಲಾದರೂ ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕಲಾಗದು. ಮೊದಲ ಸಲಕ್ಕೆ ಲೋಹದ ಚೂರಿಲ್ಲದ ಒಂದೇ ಸಾದಾ ಬಣ್ಣ ಒಳ್ಳೆಯದು.

ಇನ್ನೊಂದು ಮಾತು. ಫೋನಿನ ಪರದೆ ನೋಡಿ ಬಣ್ಣ ಆರಿಸಬೇಡಿ. ಒಂದೇ ಫೋಟೋ ಎರಡು ಫೋನುಗಳಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ. ಒಂದು ತಗಡಿನ ತುಂಡಿಗೆ ಮಾದರಿ ಹೊಡೆಸಿ, ಬೆಳಗಿನ ಬಿಸಿಲಲ್ಲಿ, ನೆರಳಲ್ಲಿ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿ. ಮೂರರಲ್ಲಿಯೂ ಮನಸ್ಸಿಗೆ ಹಿಡಿಸಿದರೆ ಅದೇ ನಿಮ್ಮ ಬಣ್ಣ.

ಭಾರತದಲ್ಲಿ ಇದನ್ನು ಮಾಡಬಹುದೇ?

ಈ ವಿಡಿಯೋ ನೋಡಿ ಇಲ್ಲಿನ ಹಳೆಯ ಕಾರು, ಜೀಪುಗಳ ಮೇಲೆ ಕೈಯಾಡಿಸುವ ಆಸೆ ಆದವರಿಗೆ ಈ ಭಾಗ. ವಾಹನದ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುವ ವಿವರ. ಬೇರೆ ಬಣ್ಣ ಹೊಡೆಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಹೊಸ ಬಣ್ಣವನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ವಿಮೆ ಕಂಪನಿಗೂ ತಿಳಿಸಬೇಕು. ಇದ್ದ ಬಣ್ಣವನ್ನೇ ಮತ್ತೆ ಹೊಡೆಸಿದರೆ ಈ ತಾಪತ್ರಯ ಇಲ್ಲ.

ಜೀಪಿಗೆ ಸೇನೆಯ ಆಲಿವ್ ಹಸಿರು ಹೊಡೆಸುವ ಶೋಕಿ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಇನ್ನು ಬಣ್ಣ ಬಿಟ್ಟು, ಚಾವಣಿ ಕತ್ತರಿಸುವ, ಚಾಸಿಸ್ ತಿದ್ದುವ ಹಾಟ್ ರಾಡ್ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಕೊನೆಯದಾಗಿ

ಟೆಕ್ಸಸ್‌ನ ಓದುಗರಿಗೆ ನಾವು ಕೊಟ್ಟ ಉತ್ತರ ಇಷ್ಟು: ಮಾವನ ಕಾಳಜಿ ಸರಿ, ಔಷಧಿ ತಪ್ಪು. ಎದೆಯ ಚಿಂತೆಯನ್ನು ಪೇಂಟ್ ಹೊಡೆದಾದ ಮೇಲೆ ಮಾಡಿದರೆ ತಡವಾಗುತ್ತದೆ, ಡಬ್ಬಿ ಕೊಳ್ಳುವಾಗಲೇ ಮಾಡಬೇಕು. ಬಣ್ಣ ಹಿಡಿಸದಿದ್ದರೆ ಮತ್ತೆ ಉಜ್ಜಿ ಬೇರೆ ಹೊಡೆಯಬಹುದು. ಶ್ವಾಸಕೋಶಕ್ಕೆ ಆ ಅವಕಾಶ ಇಲ್ಲ.

ಮುಂದಿನ ಸಲ ಇಂಥ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಕೆಳಗೆ ಒಂದೇ ಸಾಲು ಸೇರಿಸಿ ಕಳಿಸಿ: ‘ಡಬ್ಬಿಯ ಮೇಲೆ ಐಸೋಸಯನೇಟ್ ಎಂದು ಇದೆಯೇ ನೋಡಿ. ಇದ್ದರೆ ಮನೆಯಲ್ಲಿ ಹೊಡೆಯಬೇಡಿ.’ ನಿಮ್ಮ ಬೀದಿಯ ಪೇಂಟಿಂಗ್ ಅಂಗಡಿಯ ಹುಡುಗನ ಫೋನಿಗೂ ಅದು ತಲುಪಲಿ.